ಕಂಬಳಿ ಕೋಣೆಯ ಕೆಂಪು ದೀಪ

ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂದಿನ ಬೀದಿಯಲ್ಲಿದ್ದ ನಮ್ಮ ಮನೆಗೆ ಮೂರೇ ಕೋಣೆ. ಹಿಂದಿನದು ಅಡುಗೆಮನೆ, ನಡುವಿನದು ನಾವು ಉಂಡು ಮಲಗುವ ಜಾಗ. ಬೀದಿಗೆ ಮುಖ ಮಾಡಿದ ಮೊದಲ ಕೋಣೆ ಮನೆಯಲ್ಲೇ ದೊಡ್ಡದು. ಆದರೆ ಅದು ನಮ್ಮ ಪಾಲಿಗೆ ಇರಲಿಲ್ಲ. ಅಲ್ಲಿ ಅಪ್ಪನ ದನಿ ವಾಸ ಮಾಡುತ್ತಿತ್ತು. ನಾಲ್ಕೂ ಗೋಡೆಗೆ ಕರಿ ಕಂಬಳಿ ಇಳಿಬಿಟ್ಟಿದ್ದ, ಕಿಟಕಿಗೆ ಶೇಂಗಾ ಸಿಪ್ಪೆ ತುಂಬಿದ ಗೋಣಿಚೀಲ ಒತ್ತಿದ್ದ, ಬಾಗಿಲಿನ ಒಳಮೈಗೆ ಹಳೆಯ ರಜಾಯಿ ಹೊಡೆದಿದ್ದ. ಬೇಸಿಗೆಯಲ್ಲಿ ಒಳಗೆ ಹೋದರೆ ಕುರಿಯ ಹೊಟ್ಟೆಯೊಳಗೆ ಹೊಕ್ಕಂತೆ ಆಗುತ್ತಿತ್ತು. ಫ್ಯಾನಿನ ಸದ್ದು ಟೇಪಿಗೆ ಇಳಿಯುತ್ತದೆಂದು ಫ್ಯಾನೂ ಬಂದ್. ಈಗ ರೆಕಾರ್ಡಿಂಗ್ ಕೋಣೆ ಕಟ್ಟಿಸುವವರು ನನ್ನ ಹತ್ತಿರ ಬಂದು ಗೋಡೆಗೆ ಅಂಟಿಸುವ ಸ್ಪಂಜಿನ ಹಲಗೆ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ನಾನು ಹೇಳುವುದು ಒಂದೇ: ಮೊದಲು ಸಂತೆಗೆ ಹೋಗಿ ನಾಲ್ಕು ಕಂಬಳಿ ತನ್ನಿ. ಸಂತೆ ಮುಗಿಯುವ ಹೊತ್ತಿಗೆ ಹೋಗಿ. ಗಂಟು ಕಟ್ಟುವ ವ್ಯಾಪಾರಿಗೆ ಬಸ್ಸಿನ ಚಿಂತೆ, ನಿಮಗೆ ಇರುವುದಿಲ್ಲ; ಬೆಲೆ ತಾನಾಗಿ ಇಳಿಯುತ್ತದೆ. ತಂದ ಕಂಬಳಿಯನ್ನು ಗೋಡೆಗೆ ಒತ್ತಿ ಕಟ್ಟಬೇಡಿ. ನಾಲ್ಕು ಬೆರಳು ಬಿಟ್ಟು ಇಳಿಬಿಡಿ. ಆ ನಾಲ್ಕು ಬೆರಳಿನ ಗಾಳಿಯೇ ಅರ್ಧ ಸದ್ದನ್ನು ನುಂಗುತ್ತದೆ. ಇದನ್ನು ನನಗೆ ಯಾವ ಪುಸ್ತಕವೂ ಹೇಳಿಕೊಡಲಿಲ್ಲ.

ಅಪ್ಪನನ್ನು ಊರು ಮೈಕ್ ಓಬಣ್ಣ ಎನ್ನುತ್ತಿತ್ತು. ಆಟೋದ ತಲೆಗೆ ಕಹಳೆಯಂಥ ಸ್ಪೀಕರ್ ಕಟ್ಟಿಕೊಂಡು ಊರೂರು ಸುತ್ತುವ ಪ್ರಚಾರ ಇರುತ್ತದಲ್ಲ, ಅದರೊಳಗಿನ ದನಿ ಅವನದು. ಸೀರೆ ಅಂಗಡಿಯ ರಿಯಾಯಿತಿ, ದನಗಳಿಗೆ ಚುಚ್ಚುಮದ್ದು ಹಾಕುವ ದಿನ, ಕಣ್ಣಿನ ತಪಾಸಣೆ, ಟೆಂಟ್ ಹಾಕಿದ ಸರ್ಕಸ್, ಯಾವುದೇ ಇರಲಿ, ಅಪ್ಪ ಕಂಬಳಿ ಕೋಣೆಯಲ್ಲಿ ನಿಂತು ಕ್ಯಾಸೆಟ್ಟಿಗೆ ಹೇಳಿ ಕೊಡುತ್ತಿದ್ದ. ನಾಯಕನಹಟ್ಟಿಯಿಂದ ಗೌರಸಮುದ್ರದವರೆಗೆ ಅವನ ಮುಖ ಕಂಡವರು ಕಡಿಮೆ, ದನಿ ಕೇಳದವರು ಇಲ್ಲ. ಬಸ್ಸಿನಲ್ಲಿ ಟಿಕೆಟ್ ಕೇಳಿದರೆ ಮುಂದಿನ ಸೀಟಿನವರು ತಿರುಗಿ ನೋಡುತ್ತಿದ್ದರು. ಆದರೆ ಮನೆಯೊಳಗೆ ಅವನಿಗೆ ಬೇರೆಯೇ ದನಿ ಇತ್ತು. ಸಣ್ಣದು, ಒಂಚೂರು ಮೂಗಿನದು, ಮಾತಿನ ಕೊನೆಯಲ್ಲಿ ಇಳಿದು ಆರಿಹೋಗುವಂಥದು. ಅವ್ವನನ್ನೂ ನನ್ನನ್ನೂ ಬಿಟ್ಟರೆ ಆ ದನಿಯನ್ನು ಕೇಳಿದವರೇ ಇಲ್ಲ. ಅದನ್ನೂ ಅವನು ಹಿಡಿದು ಹಿಡಿದು ಆಡುತ್ತಿದ್ದ. ಗಂಟಲು ಅವನ ಬಂಡವಾಳ, ಬಂಡವಾಳವನ್ನು ಹರಟೆಗೆ ಸುರಿಯುವವನು ವ್ಯಾಪಾರಿಯಲ್ಲ ಎಂದು ಅವನ ಲೆಕ್ಕ.

ಕಂಬಳಿ ಕೋಣೆಯ ಒಳಗೆ ಬಾಗಿಲ ಮೇಲೆ ಒಂದು ಕೆಂಪು ದೀಪ ಇತ್ತು. ಅದಕ್ಕೆ ಜೋಡಿಯಾಗಿ ಅಡುಗೆಮನೆಯಲ್ಲೂ ಒಂದು. ಅದು ಹತ್ತಿದರೆ ಮನೆ ಉಸಿರು ಹಿಡಿಯಬೇಕು. ಒಗ್ಗರಣೆ ಸಿಡಿಯಕೂಡದು, ಕುಕ್ಕರ್ ಕೂಗಕೂಡದು, ಮುದ್ದೆ ತಿರುವುವ ಕೋಲು ಪಾತ್ರೆಗೆ ಬಡಿಯಕೂಡದು. ನನ್ನ ಬಾಲ್ಯದ ಅಡುಗೆಯೆಲ್ಲ ಈ ದೀಪದ ಅಪ್ಪಣೆಯಲ್ಲಿ ಆಯಿತು. ಎಣ್ಣೆ ಕಾದು ಹೊಗೆಯಾಡುತ್ತಿದ್ದರೂ ಅವ್ವ ಸಾಸಿವೆಯನ್ನು ಅಂಗೈಯಲ್ಲಿ ಹಿಡಿದು ದೀಪವನ್ನೇ ನೋಡುತ್ತಾ ನಿಂತಿರುತ್ತಿದ್ದಳು. ದೀಪ ಆರಿದೊಡನೆ ಚಟಪಟ ಎಂದು ಸಿಡಿಯುವ ಒಗ್ಗರಣೆ ಅವಳ ಉತ್ತರದ ಹಾಗೆ ಕೇಳುತ್ತಿತ್ತು. ಒಮ್ಮೆ ಅವಳು ಮರೆತಳು. ಸೀರೆ ಅಂಗಡಿಯ ಪ್ರಚಾರದ ನಟ್ಟನಡುವೆ ಕುಕ್ಕರ್ ಕೂಗಿಬಿಟ್ಟಿತು. ಅಪ್ಪ ಗಮನಿಸದೆ ಕ್ಯಾಸೆಟ್ ಕೊಟ್ಟುಬಿಟ್ಟಿದ್ದ. ನಾಲ್ಕು ದಿನ ನಮ್ಮ ಬೇಳೆಯ ಸೀಟಿ ತಾಲ್ಲೂಕು ಸುತ್ತಿತು. ಹುಡುಗರು ಆಟೋದ ಹಿಂದೆ ಓಡುತ್ತಾ ಸರಿಯಾಗಿ ಆ ಜಾಗಕ್ಕೆ ಬಂದಾಗ ತಾವೂ ಸೀಟಿ ಹೊಡೆಯುತ್ತಿದ್ದರು.

"ನಿನ್ನ ಬೇಳೆ ಬೆಂದಿದ್ದು ಊರಿಗೆಲ್ಲಾ ಗೊತ್ತಾಯ್ತಲ್ಲೇ!"

"ಆಗ್ಲಿ ಬಿಡ್ರಿ. ಊರೋರು ನಿಮ್ಮ ದನಿ ಕೇಳಿ ಹೊಟ್ಟೆ ತುಂಬುಸ್ಕೋತಾರೆ. ನಾವು ಉಣ್ಬೇಕಲ್ಲ?"

"ದೀಪ ಹತ್ತಿದ್ದು ಕಾಣ್ಲಿಲ್ವಾ?"

"ದೀಪ ಹತ್ತೈತೆ ಅಂತ ಕುಕ್ಕರಿಗೆ ಯಾರು ಹೇಳ್ಬೇಕು? ನೀವೇ ಬಂದು ಹೇಳ್ಬೇಕಿತ್ತು, ದೊಡ್ಡ ದನಿ ಐತಲ್ಲ."

ಸಂಜೆ ಸೀರೆ ಅಂಗಡಿಯವನೇ ಬಂದು, ಮುಂದಿನ ಸಲವೂ ಆ ಸೀಟಿ ಹಾಕು ಓಬಣ್ಣ, ಜನ ತಿರುಗಿ ನೋಡುತ್ತಾರೆ ಎಂದ. ಅವ್ವ ಒಳಗಿನಿಂದ ನಕ್ಕಳು. ಅಪ್ಪ ಎರಡು ದಿನ ಅವಳೊಂದಿಗೆ ಮಾತು ಬಿಟ್ಟ. ಅವನು ಮಾತು ಬಿಟ್ಟಿದ್ದಾನೆ ಎಂದು ತಿಳಿಯುವುದಕ್ಕೇ ನಮಗೆ ಒಂದು ದಿನ ಬೇಕಾಯಿತು.

ಅವ್ವ ರತ್ನಮ್ಮ ಮೊಳಕಾಲ್ಮುರಿನವಳು, ರೇಷ್ಮೆ ಸೀರೆ ನೇಯುವ ಮನೆಯವಳು. ರಜೆಯಲ್ಲಿ ಅಲ್ಲಿಗೆ ಹೋದರೆ ನನಗೆ ಮೊದಲೆರಡು ದಿನ ತಲೆನೋವು ಬರುತ್ತಿತ್ತು. ಪಡಸಾಲೆಯ ಗುಂಡಿಗಳಲ್ಲಿ ಕಾಲು ಇಳಿಬಿಟ್ಟು ಕುಳಿತವರು ಮೂರು ಮಗ್ಗ ಬಡಿಯುತ್ತಿದ್ದರು. ಆ ಬಡಿತದ ಮೇಲೆಯೇ ತೆಲುಗಿನಲ್ಲಿ ಜಗಳ, ಕನ್ನಡದಲ್ಲಿ ವ್ಯಾಪಾರ, ಎರಡರಲ್ಲೂ ನಗು. ಅಲ್ಲಿ ಅವ್ವನ ದನಿ ಮೂರು ಮಗ್ಗಗಳನ್ನು ದಾಟಿ ಹಿತ್ತಲಿಗೆ ಕೇಳುತ್ತಿತ್ತು. ಚಳ್ಳಕೆರೆಗೆ ಹಿಂತಿರುಗುವ ಬಸ್ಸು ಹಾನಗಲ್ ದಾಟುತ್ತಿದ್ದಂತೆ ಅವಳು ತನ್ನ ದನಿಯನ್ನು ಮಡಿಸಿ ಒಳಗಿಟ್ಟುಕೊಳ್ಳುತ್ತಿದ್ದಳು. ತವರಿನಿಂದ ಅವಳು ತಂದ ಪೆಟ್ಟಿಗೆಯಲ್ಲಿ ಸೀರೆಗಿಂತ ಹೆಚ್ಚಾಗಿ ಗ್ರಾಫ್ ಹಾಳೆಗಳಿದ್ದವು. ಸೆರಗಿನ ನವಿಲು, ಅಂಚಿನ ಬಳ್ಳಿ, ಬುಟ್ಟಾ ಹೂವು, ಎಲ್ಲವನ್ನೂ ಚೌಕ ಚೌಕವಾಗಿ ತುಂಬಿದ ಹಾಳೆಗಳು. ಒಂದೊಂದು ಚೌಕಕ್ಕೆ ಒಂದೊಂದು ಎಳೆ. ಮದುವೆಗೆ ಮೊದಲು ಆ ಮನೆಯ ಹೂವುಗಳನ್ನು ಬರೆಯುತ್ತಿದ್ದವಳು ಅವಳೇ.

ನನಗೆ ಶಬ್ದದ ಮೊದಲ ಪಾಠ ಹೇಳಿದವನು ಅಪ್ಪ. ಅವನ ಟೇಪ್ ಡೆಕ್ಕಿನ ಮುಖದ ಮೇಲೆ ಒಂದು ಗಾಜಿನ ಕಿಟಕಿ, ಅದರೊಳಗೆ ಒಂದು ಮುಳ್ಳು. ದನಿ ಏರಿದಂತೆ ಮುಳ್ಳು ಬಲಕ್ಕೆ ವಾಲುತ್ತಿತ್ತು. ಬಲತುದಿಯಲ್ಲಿ ಕೆಂಪು ಪಟ್ಟಿ. ಏಳನೆಯ ತರಗತಿಯಿಂದಲೇ ಆ ಮುಳ್ಳು ಕಾಯುವುದು ನನ್ನ ಕೆಲಸ. ಅಪ್ಪ ಹೇಳುತ್ತಲೇ ಎಡಗೈಯ ಬೆರಳುಗಳನ್ನು ಮೇಲೆತ್ತಿ ಅಲ್ಲಾಡಿಸುತ್ತಿದ್ದ, ಏರಿಸು ಎಂದು. ನಾನು ಗುಂಡಿ ತಿರುಗಿಸುತ್ತಿದ್ದೆ.

"ಮುಳ್ಳು ಕೆಂಪು ಮುಟ್ಬೇಕು ನಾಗೂ. ಮುಟ್ಟಿದ್ರೇನೇ ದನಿಗೆ ಮೈ ಬರೋದು. ಇಲ್ಲಾಂದ್ರೆ ಆಟೋ ಗದ್ಲದಾಗೆ ಸತ್ತೋಗ್ತೈತೆ."

ಅದು ಸುಳ್ಳಲ್ಲ. ಟೇಪಿಗೆ ತನ್ನದೇ ಒಂದು ಸುಯ್ ಎನ್ನುವ ಸದ್ದಿರುತ್ತದೆ. ದನಿಯನ್ನು ಮೆತ್ತಗೆ ತುಂಬಿದರೆ ಆ ಸುಯ್ ಗೆಲ್ಲುತ್ತದೆ. ಒತ್ತಿ ತುಂಬಿದರೆ ದನಿ ತುಸು ಮಾಗಿ, ದುಂಡಗಾಗಿ, ಬೆಲ್ಲದ ಪಾಕ ಹಿಡಿದಂತಾಗುತ್ತದೆ. ಊರು ಮೆಚ್ಚಿದ ಅಪ್ಪನ ದನಿಯಲ್ಲಿ ಅರ್ಧ ಗಂಟಲಿನದು, ಅರ್ಧ ಆ ಕೆಂಪಿನದು.

ನಾನು ಒಂಬತ್ತನೆಯ ತರಗತಿಗೆ ಬರುವ ಹೊತ್ತಿಗೆ ಆಟೋದವರು ಕ್ಯಾಸೆಟ್ ಬಿಟ್ಟು ಸಿ.ಡಿ. ಕೇಳತೊಡಗಿದರು. ಬಜಾರಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ರಫೀಕ್ ಚಾಚಾ ಹಳೆಯ ಬಿಡಿಭಾಗಗಳಿಂದ ಕಂಪ್ಯೂಟರ್ ಜೋಡಿಸುವುದನ್ನು ಆಗಲೇ ಕಲಿತಿದ್ದ. ಅಪ್ಪನಿಗಿಂತ ಹತ್ತು ವರ್ಷ ಚಿಕ್ಕವನು. ನಮ್ಮ ಮನೆಗೂ ಒಂದು ಜೋಡಿಸಿಕೊಡುತ್ತೇನೆ ಎಂದ. ಚೌಕಾಸಿಗೆ ಕುಳಿತವಳು ನಾನು. ಬೆಲೆಯ ವಿಷಯ ಅಪ್ಪನಿಗೆ ಬಿಟ್ಟೆ. ನಾನು ಕೇಳಿದ್ದು ಪಾಠ. ತಿಂಗಳುಪೂರ್ತಿ ದಿನಾ ಒಂದು ಗಂಟೆ ನನಗೆ ಕಲಿಸಬೇಕು, ಇಲ್ಲವಾದರೆ ಡಬ್ಬಿ ವಾಪಸ್ಸು. ಯಂತ್ರ ಕೊಳ್ಳುವವರೆಲ್ಲ ಬೆಲೆ ಇಳಿಸುವುದರಲ್ಲೇ ದಣಿದುಹೋಗುತ್ತಾರೆ. ಮಾರುವವನ ತಲೆಯೊಳಗೆ ಇರುವುದನ್ನು ಕೇಳುವುದೇ ಇಲ್ಲ. ಅದು ಅವನಿಗೆ ಪುಕ್ಕಟೆ, ನಿಮಗೆ ಜೀವಮಾನದ ಊಟ. ರಫೀಕ್ ಚಾಚಾ ನಕ್ಕು ತಲೆ ಕೆರೆದುಕೊಂಡ.

"ಏ ಓಬಣ್ಣ, ನಿನ್ನ ಮಗಳು ನನ್ನನ್ನೇ ಸಾಮಾನಿನ ಜೊತೆ ಫ್ರೀ ಕೇಳ್ತಾಳಲ್ಲಣ್ಣ!"

ಹಾಗೆ ಶುರುವಾದ ಪಾಠದ ಮೊದಲ ದಿನ ಅವನು ಒಂದು ಮಾತು ಹೇಳಿದ. ಟೇಪು ದನಿಯನ್ನು ಹರಿಯುವ ನೀರಿನಂತೆ ಹಿಡಿಯುತ್ತದೆ. ಕಂಪ್ಯೂಟರ್ ಹಾಗಲ್ಲ, ಒಂದು ಸೆಕೆಂಡಿನ ದನಿಯನ್ನು ನಲವತ್ತನಾಲ್ಕು ಸಾವಿರ ಚೂರು ಮಾಡಿ, ಪ್ರತಿ ಚೂರಿನ ಎತ್ತರ ಎಷ್ಟೆಂದು ಬರೆದಿಟ್ಟುಕೊಳ್ಳುತ್ತದೆ. ಅಪ್ಪ ಬಾಗಿಲಲ್ಲಿ ನಿಂತು ಕೇಳುತ್ತಿದ್ದವನು ಗೊಣಗಿದ.

"ಚೂರು ಮಾಡಿದ್ಮೇಲೆ ಅದೇನ್ ದನಿನಲೇ ರಫೀಕ? ಕೊತ್ತಂಬ್ರಿ ಸೊಪ್ಪಾ?"

ಚಹಾ ತಂದಿಟ್ಟ ಅವ್ವ ಪರದೆಯ ಮೇಲಿನ ಹಸಿರು ಅಲೆಯನ್ನು ಬಗ್ಗಿ ನೋಡಿದಳು. ರಫೀಕ್ ಚಾಚಾ ಅದನ್ನು ಹಿಗ್ಗಿಸಿ ತೋರಿಸಿದ. ನುಣ್ಣಗಿದ್ದ ಅಲೆ ಮೆಟ್ಟಿಲು ಮೆಟ್ಟಿಲಾಗಿ ಕಂಡಿತು.

"ಇದು ನಮ್ಮ ಗ್ರಾಫ್ ಅಲ್ವೇನ್ರಿ?" ಎಂದಳು. "ಚೌಕ ದೊಡ್ಡದಿದ್ರೆ ಹೂವು ಮೂಲೆ ಮೂಲೆ ಕಾಣ್ತೈತೆ. ಸಣ್ಣ ಮಾಡ್ತಾ ಹೋದ್ರೆ ದುಂಡಗಾಗ್ತೈತೆ. ಎಳೆ ಯಾರಿಗೂ ಕಾಣಲ್ಲ, ಹೂವೇ ಕಾಣೋದು."

ರಫೀಕ್ ಚಾಚಾ ಕೈಯಲ್ಲಿದ್ದ ಚಹಾ ಕೆಳಗಿಟ್ಟು, "ಭಾಭಿ, ನಾನು ಆರು ತಿಂಗಳು ತಲೆ ಚಚ್ಚಿಕೊಂಡಿದ್ದನ್ನ ನೀವು ಒಂದು ಲೋಟ ಚಹಾದಾಗೆ ಹೇಳಿಬಿಟ್ರಿ" ಎಂದ. ಆಮೇಲೆ ನನ್ನ ಕಡೆ ತಿರುಗಿ, ಅಲೆಯ ಪಕ್ಕದಲ್ಲಿ ದನಿಯೊಡನೆ ಹಸಿರಿನಿಂದ ಹಳದಿಗೆ, ಕೆಂಪಿಗೆ ಏರುವ ಪಟ್ಟಿ ತೋರಿಸಿ ಇನ್ನೊಂದು ಮಾತು ಸೇರಿಸಿದ: ಇಲ್ಲಿ ಕೆಂಪು ಮುಟ್ಟಬಾರದು. ನಾನು ತಲೆಯಾಡಿಸಿದೆ. ಆದರೆ ಅವನು ದಿನಕ್ಕೆ ಇಂಥ ಹತ್ತು ಮಾತು ಹೇಳುತ್ತಿದ್ದ. ಅಪ್ಪ ಮೂರು ವರ್ಷದಿಂದ ಒಂದೇ ಮಾತು ಹೇಳಿದ್ದ.

ಅಪ್ಪನ ಗಂಟಲು ಒಡೆಯತೊಡಗಿದ್ದು ಆ ಚಳಿಗಾಲದಲ್ಲಿ. ಶುಂಠಿ, ಜ್ಯೇಷ್ಠಮಧು, ಬಿಸಿನೀರು ಎಲ್ಲ ಆಯಿತು. ಬೆಳಿಗ್ಗೆ ಎದ್ದು ಒಂದೆರಡು ಗಂಟೆ ದನಿ ಸರಿಯಿರುತ್ತಿತ್ತು, ಆಮೇಲೆ ಗರಗಸ. ದಾವಣಗೆರೆಯ ಡಾಕ್ಟರು ಕೊಳವೆ ಇಳಿಸಿ ನೋಡಿ, ಗಂಟು ದನಿಪೆಟ್ಟಿಗೆಯಲ್ಲೇ ಇದೆ, ಪೆಟ್ಟಿಗೆಯನ್ನೇ ತೆಗೆಯಬೇಕು, ತಡಮಾಡಿದರೆ ಜೀವಕ್ಕೆ ಬರುತ್ತದೆ ಎಂದರು. ಮನೆಗೆ ಬಂದ ಅಪ್ಪ ಕಂಬಳಿ ಕೋಣೆಯಲ್ಲಿ ಕೂತುಬಿಟ್ಟ. ಅವ್ವ ಬೇಡಿದಳು, ಬೈದಳು, ತೆಲುಗಿನಲ್ಲಿ ದೇವರನ್ನೆಲ್ಲ ಕರೆದಳು.

"ದನಿ ತೆಗೆದ್ಮೇಲೆ ಉಳಿಯೋನು ಯಾರು? ಓಬಣ್ಣ ಉಳೀತಾನಾ? ಬ್ಯಾಡ. ಇದ್ದಷ್ಟು ದಿನ ಇರ್ತೀನಿ."

ಅವ್ವನ ಅಳು ಸೋತಲ್ಲಿ ನಾನು ವ್ಯಾಪಾರಕ್ಕೆ ಇಳಿದೆ. ಕೆಲಸ ಕಲಿತ ಹುಮ್ಮಸ್ಸು, ಹದಿನಾಲ್ಕರ ವಯಸ್ಸು.

"ಅಪ್ಪ, ನಿನ್ನ ದನಿ ನನ್ನ ಹತ್ರ ಇಡು. ಒಂದೊಂದೇ ಮಾತು ಬಿಡಿಬಿಡಿಯಾಗಿ ಹೇಳು. ಊರಿನ ಹೆಸ್ರು, ವಾರ, ಗಂಟೆ, ಒಂದರಿಂದ ನೂರು. ನಾನು ಕತ್ತರಿಸಿ ಜೋಡಿಸಿ ಯಾವ ಪ್ರಚಾರ ಬೇಕಾದ್ರೂ ಮಾಡ್ತೀನಿ. ನೀನಿರೋವರ್ಗೂ ನಿನ್ನ ದನೀನೇ ಆಟೋದಾಗೆ ತಿರುಗ್ತೈತೆ. ಅದಕ್ಕೆ ಬದ್ಲಿ ನೀನು ಆಪರೇಷನ್‌ಗೆ ಹೋಗ್ಬೇಕು."

ಅಪ್ಪ ಬಹಳ ಹೊತ್ತು ಕಂಪ್ಯೂಟರನ್ನು ನೋಡಿದ. ಕಡೆಗೆ ಕೈ ಚಾಚಿದ, ಸಂತೆಯಲ್ಲಿ ದನದ ವ್ಯಾಪಾರ ಕುದುರಿದಾಗ ಚಾಚುತ್ತಾರಲ್ಲ, ಹಾಗೆ. ನಾನು ಅದರ ಮೇಲೆ ಕೈ ಹೊಡೆದೆ. ನನ್ನ ಬದುಕಿನ ಮೊದಲ ದೊಡ್ಡ ಕರಾರು ಅದು.

ಆಪರೇಷನ್ ಸೋಮವಾರ ಎಂದು ಗೊತ್ತಾಯಿತು. ಅದರ ಹಿಂದಿನ ಭಾನುವಾರ ಬೆಳಿಗ್ಗೆ ರೆಕಾರ್ಡಿಂಗ್. ಆ ದಿನ ಮಿಲ್ಲುಗಳು ನಿಂತಿರುತ್ತವೆ, ಎಂಟರಿಂದ ಹತ್ತೂವರೆಯವರೆಗೆ ಕರೆಂಟು ಇರುತ್ತದೆ. ಅಲ್ಲಿಯವರೆಗಿನ ಎಂಟು ದಿನ ಅಪ್ಪ ಒಂದು ಅಕ್ಷರ ಆಡಲಿಲ್ಲ. ಉಳಿದಿದ್ದನ್ನೆಲ್ಲ ಆ ಎರಡೂವರೆ ಗಂಟೆಗೆ ಕೂಡಿಟ್ಟ. ಒಂದು ಚಪ್ಪಾಳೆ ನೀರಿಗೆ, ಎರಡು ಚಪ್ಪಾಳೆ ನನಗೆ. ಅವ್ವನಿಗೆ ಚಪ್ಪಾಳೆಯಿಲ್ಲ, ಅವಳು ಕಣ್ಣೆದುರೇ ಇರುತ್ತಿದ್ದಳು. ಉಣ್ಣುವಾಗ ಮೂವರೂ ಸುಮ್ಮನೆ ಮುದ್ದೆ ಮುರಿಯುತ್ತಿದ್ದೆವು. ಇನ್ನು ಎಂಟೇ ದಿನ ಮನೆಯಲ್ಲಿರುವ ದನಿ, ಆ ಎಂಟು ದಿನವೂ ನಮಗೆ ಸಿಗಲಿಲ್ಲ. ಇದು ಆಗ ನನಗೆ ತೋಚಲಿಲ್ಲ, ನಾನು ಅಪ್ಪ ಹೇಳಬೇಕಾದ ಮಾತುಗಳ ಪಟ್ಟಿಯ ಗಡಿಬಿಡಿಯಲ್ಲಿದ್ದೆ. ಅವ್ವನಿಗೆ ತೋಚಿರಬೇಕು. ಅವಳು ತನ್ನ ಗ್ರಾಫ್ ಪುಸ್ತಕದ ಖಾಲಿ ಹಾಳೆಗಳಲ್ಲಿ ದುಂಡಗೆ ಬರೆಯುತ್ತಾ ಹೋದಳು: ನಾಯಕನಹಟ್ಟಿ, ತಳಕು, ಪರಶುರಾಂಪುರ, ರಾಂಪುರ, ಗೌರಸಮುದ್ರ, ದೊಡ್ಡಉಳ್ಳಾರ್ತಿ. ಸೋಮವಾರ, ಮಂಗಳವಾರ. ಬನ್ನಿ, ಮರೆಯದಿರಿ, ಇಂದೇ ಕೊನೆಯ ದಿನ.

ಭಾನುವಾರ ಎಂಟಕ್ಕೆ ಸರಿಯಾಗಿ ಕೋಣೆಯ ಕೆಂಪು ದೀಪ ಹಾಕಿದೆವು. ರಫೀಕ್ ಚಾಚಾ ಕಲಿಸಿದ್ದ: ಮೊದಲು ಒಂದು ನಿಮಿಷ ಏನಾದರೂ ಮಾತಾಡಿಸಿ ಲೆವೆಲ್ ನೋಡಬೇಕು. ಟೆಸ್ಟ್ ಎಂದು ಹೆಸರು ಕೊಟ್ಟು ಗುಂಡಿಯನ್ನು ಅರ್ಧಕ್ಕಿಟ್ಟು ರೆಕಾರ್ಡ್ ಒತ್ತಿದೆ. ಅಪ್ಪ ಅದೂ ಇದೂ ಮಾತಾಡಿದ. ಮೂಲೆಯಲ್ಲಿ ಪಟ್ಟಿ ಹಿಡಿದು ಕೂತಿದ್ದ ಅವ್ವ ಎದ್ದು ನನ್ನ ಪಕ್ಕಕ್ಕೆ, ಪರದೆಯ ಮುಂದಕ್ಕೆ ಬಂದು ಕೂತಳು. ಅವನು ಹೇಳಿದ್ದು ಏನೆಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಕಣ್ಣು ಅಲೆಯ ಮೇಲಿತ್ತು. ಆಮೇಲೆ ಅವನು ಗಂಟಲು ಸರಿಮಾಡಿಕೊಂಡು ಬೆನ್ನು ನೆಟ್ಟಗೆ ಮಾಡಿದ, ಪ್ರಚಾರದ ದನಿ ತೆಗೆದ.

ಎಂಟು ದಿನ ಕೂಡಿಟ್ಟ ದನಿ ಹೇಗಿತ್ತು ಎಂದರೆ, ಕಂಬಳಿಗಳೇ ಹಿಂದಕ್ಕೆ ಸರಿದಂತಾಯಿತು. ಮಾನ್ಯರೇ ಎಂದ. ಮಹನೀಯರೇ ಎಂದ. ಹೇಳುತ್ತಲೇ ಎಡಗೈ ಮೇಲೆದ್ದು ಬೆರಳು ಅಲ್ಲಾಡಿತು: ಏರಿಸು. ಪರದೆಯ ಮೇಲೆ ಬಣ್ಣದ ಪಟ್ಟಿ ಆಗಲೇ ಹಳದಿಯಲ್ಲಿತ್ತು. ರಫೀಕ್ ಚಾಚಾನ ಮಾತು ನೆನಪಾಯಿತು. ಅಪ್ಪನ ಬೆರಳು ಮತ್ತೆ ಅಲ್ಲಾಡಿತು. ಇದು ಅವನ ಕೊನೆಯ ರೆಕಾರ್ಡಿಂಗ್; ದನಿಗೆ ಮೈ ಇರಬೇಡವೇ? ಏರಿಸಿದೆ. ಪಟ್ಟಿ ಕೆಂಪು ಮುಟ್ಟಿತು. ಅಪ್ಪ ಕಣ್ಣಲ್ಲೇ ಶಹಭಾಸ್ ಎಂದ. ನನ್ನ ಕಿವಿಯಲ್ಲಿದ್ದ ಹೆಡ್‌ಫೋನಿನ ವೈರು ಮೈಕಿನ ಹಳೆಯ ಆಂಪ್ಲಿಫೈಯರಿಗೆ ಸಿಕ್ಕಿಸಿದ್ದು, ಕಂಪ್ಯೂಟರಿಗಲ್ಲ. ಹಾಗಾಗಿ ನನಗೆ ಕೇಳಿದ್ದು ಗಂಟೆಯಂಥ ದನಿ. ಕಂಪ್ಯೂಟರಿನೊಳಗೆ ಏನು ಇಳಿಯುತ್ತಿದೆ ಎಂದು ನಿಲ್ಲಿಸಿ ಕೇಳಲೂ ಇಲ್ಲ, ಕರೆಂಟು ಹೋಗುವುದರೊಳಗೆ ಮಾತುಗಳ ಪಟ್ಟಿ ಮುಗಿಯಬೇಕಿತ್ತು. ಈ ಕಸುಬಿಗೆ ಬರುವವರೆಲ್ಲರಿಗೂ ನಾನು ಹೇಳುವುದು ಇದನ್ನೇ: ಹತ್ತು ಮಾತು ತುಂಬಿಸಿ, ನಿಲ್ಲಿಸಿ, ತಿರುಗಿ ಹಾಕಿ ಕೇಳಿ. ಸಮಯವಿಲ್ಲ ಎನ್ನುವವನಿಗೆ ಎರಡನೆಯ ಸಲದ ಸಮಯ ಯಾರೂ ಕೊಡುವುದಿಲ್ಲ.

ಮೂವತ್ತನೆಯದೋ ನಲವತ್ತನೆಯದೋ ಮಾತಿನ ಹೊತ್ತಿಗೆ ಅವ್ವ ಪರದೆಯತ್ತ ಬೆರಳು ತೋರಿಸಿ ಏನೋ ಹೇಳಲು ಬಾಯಿ ತೆರೆದಳು. ಅಪ್ಪ ಹುಬ್ಬು ಗಂಟಿಕ್ಕಿದ. ನಾನು ಬೆರಳನ್ನು ತುಟಿಗಿಟ್ಟು, ತಲೆಯೆತ್ತಿ ಕೆಂಪು ದೀಪ ತೋರಿಸಿದೆ. ಅವಳು ಬಾಯಿ ಮುಚ್ಚಿ ಪಟ್ಟಿಯ ಹಾಳೆ ಮಗುಚಿದಳು. ಹತ್ತೂ ಇಪ್ಪತ್ತಕ್ಕೆ ಕೊನೆಯ ಮಾತು ಮುಗಿಯಿತು. ಕಂಪ್ಯೂಟರ್ ಆರಿಸುತ್ತಿದ್ದಂತೆಯೇ ಕರೆಂಟು ಹೋಯಿತು, ಅಪ್ಪನ ದನಿಯೂ ಅಷ್ಟಕ್ಕೆ ಮುಗಿದು ಬರೀ ಗಾಳಿ ಉಳಿಯಿತು. ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ದಾವಣಗೆರೆಗೆ ಹೊರಟರು. ನನ್ನನ್ನು ರಫೀಕ್ ಚಾಚಾನ ಮನೆಯಲ್ಲಿ ಬಿಟ್ಟಿದ್ದರು. ಬಸ್ಸಿನ ಕಿಟಕಿಯಿಂದ ಅಪ್ಪ ಗಂಟಲು ಮುಟ್ಟಿಕೊಂಡು, ನನ್ನತ್ತ ಬೆರಳು ತೋರಿಸಿ, ಗಂಟು ಕಟ್ಟಿದಂತೆ ಕೈ ತಿರುವಿ ನಕ್ಕ. ದನಿ ನಿನ್ನ ಹತ್ತಿರ ಭದ್ರ ಎಂದು.

ಸಂಜೆ ಕರೆಂಟು ಬಂದ ಮೇಲೆ ಬೀಗ ತೆಗೆದು, ಕಂಬಳಿ ಕೋಣೆಯಲ್ಲಿ ಒಬ್ಬಳೇ ಕೂತು ಮೊದಲ ಮಾತು ಹಾಕಿದೆ. ಮಾನ್ಯರೇ ಎಂಬಲ್ಲಿ ತಗಡು ಹರಿದ ಸದ್ದು ಬಂತು. ಮುಂದಿನದೂ ಹಾಗೆಯೇ. ನಾಯಕನಹಟ್ಟಿ ಹರಿದಿತ್ತು, ತಳಕು ಹರಿದಿತ್ತು, ಒಂದರಿಂದ ನೂರೂ ಹರಿದಿತ್ತು. ಅಲೆಗಳ ತಲೆಯನ್ನೆಲ್ಲ ಕತ್ತರಿಯಿಂದ ಸಮ ಮಾಡಿದಂತೆ ಚಪ್ಪಟೆ. ಓಡಿಹೋಗಿ ರಫೀಕ್ ಚಾಚಾನನ್ನು ಎಳೆದುಕೊಂಡು ಬಂದೆ. ಅವನು ಐದು ಮಾತು ಕೇಳಿ ಕುರ್ಚಿಗೆ ಒರಗಿದ.

"ಟೇಪು ದೊಡ್ಡ ಮನಸ್ಸಿಂದು ಬೇಟಿ. ಸ್ವಲ್ಪ ಜಾಸ್ತಿ ಆದ್ರೆ ಸೈಸ್ಕೊಂತೈತೆ. ಇದಕ್ಕೆ ಬಾಗಿಲು ಇಷ್ಟೇ ಎತ್ತರ. ಅದಕ್ಕಿಂತ ಎತ್ತರ ಇದ್ದೋನ ತಲೆ ಕೊಯ್ದೇ ಒಳಗೆ ಬಿಡೋದು."

"ಸರಿಮಾಡಕ್ಕಾಗಲ್ವಾ ಚಾಚಾ?"

"ಕೊಯ್ದ ತಲೆ ಇದ್ರೆ ಅಂಟಿಸಬೋದು. ಅದು ಪೆಟ್ಟಿಗೆ ಒಳಗೆ ಬಂದೇ ಇಲ್ವಲ್ಲಮ್ಮ."

ಆಮೇಲೆ ಅವನು ಆಸ್ಪತ್ರೆಗೆ ಫೋನ್ ಮಾಡಿ ಹೇಳಲೇ ಎಂದ. ಅಪ್ಪನ ಚಾಚಿದ ಕೈ ನನ್ನ ಕಣ್ಣ ಮುಂದೆ ಬಂತು. ಅವನು ಹೋದದ್ದು ಕರಾರಿನ ಮೇಲೆ. ನನ್ನ ಪಾಲು ಮುರಿದಿದೆ ಎಂದು ಗೊತ್ತಾದರೆ ಆ ಹಠಮಾರಿ ಮನುಷ್ಯ ಆಸ್ಪತ್ರೆಯ ಮಂಚದಿಂದ ಎದ್ದು ಬಸ್ ಹತ್ತುತ್ತಾನೆ. ಇನ್ನೊಂದು ಭಾನುವಾರಕ್ಕೆ ಕಾಯುತ್ತಾನೆ, ಗಂಟು ಕಾಯುವುದಿಲ್ಲ.

"ಬ್ಯಾಡ ಚಾಚಾ. ಹೇಳಿದ್ರೆ ಬಂದ್ಬಿಡ್ತಾನೆ."

"ಆಮೇಲೆ ನಿನ್ನ ಬೈತಾನೆ."

"ಬೈಯಾಕೆ ದನಿ ಎಲ್ಲಿರ್ತೈತೆ?" ಎಂದೆ. ಎಂದಮೇಲೆ ನಾನು ಏನು ಅಂದೆ ಎಂದು ನನಗೇ ಕೇಳಿಸಿತು. ರಫೀಕ್ ಚಾಚಾ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡ. ಅವನ ಅಂಗಿಯಲ್ಲಿ ಬೆಸುಗೆಯ ವಾಸನೆ ಇತ್ತು. ಮಾತಾಡಿ ಗೆದ್ದ ವ್ಯಾಪಾರಗಳು ಆಮೇಲೆ ನೂರಾರು ಆದವು; ಬಾಯಿ ಮುಚ್ಚಿ ಗೆದ್ದದ್ದು ಅದೊಂದೇ.

ಮೂರು ವಾರದ ಮೇಲೆ ಅಪ್ಪ ಮನೆಗೆ ಬಂದ. ಕತ್ತಿಗೆ ಬಿಳಿ ಬಟ್ಟೆ, ಕಂಕುಳಲ್ಲಿ ಮಕ್ಕಳ ಸ್ಲೇಟು. ಚಪ್ಪಲಿ ಬಿಟ್ಟವನೇ ಕಂಬಳಿ ಕೋಣೆಗೆ ಹೋಗಿ ಕಂಪ್ಯೂಟರನ್ನು ತೋರಿಸಿದ. ಅವ್ವ ಮೊದಲು ಉಣ್ಣಿ ಎಂದಳು. ಅವನು ತಲೆಯಾಡಿಸಿ ಮತ್ತೆ ತೋರಿಸಿದ. ಏನೂ ಮುಚ್ಚಿಡದೆ ಹರಿದ ಮಾತನ್ನೇ ಹಾಕಿದೆ. ಒಂದು, ಎರಡು, ಹತ್ತು. ಅವನು ಪರದೆಯ ಹತ್ತಿರ ಬಂದು ಅಲೆಗಳ ಚಪ್ಪಟೆ ತಲೆಯ ಮೇಲೆ ಬೆರಳು ಎಳೆದ. ಬಾಗಿಲಲ್ಲಿ ನಿಂತಿದ್ದ ಅವ್ವನೇ ಮೊದಲು ಮಾತಾಡಿದ್ದು.

"ಅವತ್ತೇ ನೋಡ್ದೆ. ಹೂವಿನ ತಲೆ ಹಾಳೆ ದಾಟಿ ಆಚೆ ಹೋಗ್ತಿತ್ತು. ಹೇಳಾಣ ಅಂದ್ಕಂಡೆ." ಅವಳು ಮೇಲೆ ನೋಡಿದಳು. "ದೀಪ ಹತ್ತಿತ್ತಲ್ಲ."

ಅಪ್ಪ ಸ್ಲೇಟು ತೆಗೆದು ಬರೆದ: ನಿನಗೆ ಯಾವಾಗ ಗೊತ್ತಾಯಿತು?

"ಅದೇ ದಿನ ಸಂಜೆ," ಎಂದೆ.

ಅವನು ನನ್ನನ್ನು ನೋಡಿದ. ಬಸ್ಸು, ಆಸ್ಪತ್ರೆ, ಸೋಮವಾರ, ಎಲ್ಲವನ್ನೂ ಲೆಕ್ಕ ಹಾಕುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ಅಂಗೈಯಿಂದ ಸ್ಲೇಟು ಒರಸಿ ದಪ್ಪಗೆ ಬರೆದ: ವ್ಯಾಪಾರ ಬರುತ್ತೆ ನಿನಗೆ. ಅವನ ಕಣ್ಣು ತುಂಬಿತ್ತು. ಹಾಗಿರುವಾಗ ನಾನು, ಚೆನ್ನಾಗಿರೋದು ಒಂದೇ ಒಂದು ಐತೆ ಅಪ್ಪ ಎಂದು, ಟೆಸ್ಟ್ ಎಂದು ಹೆಸರಿಟ್ಟಿದ್ದನ್ನು ಹಾಕಿದೆ. ಆ ಮೂರು ವಾರದಲ್ಲಿ ನಾನು ಅದನ್ನು ಎಷ್ಟು ಸಲ ಕೇಳಿದ್ದೆನೋ. ಅವರಿಬ್ಬರಿಗೆ ಅದು ಹೊಸದು. ಕಂಬಳಿಗಳ ನಡುವೆ ಅಪ್ಪನ ಮನೆಯ ದನಿ ಬಂತು, ಸಣ್ಣದು, ಒಂಚೂರು ಮೂಗಿನದು.

"ಹಲೋ… ಏನ್ ಮಾತಾಡ್ಲಿ? ಎಂಟು ದಿನ ಆಯ್ತು, ಮಾತೇ ಮರ್ತೋದಂಗೈತೆ. ರತ್ನಾ, ಆ ಮೂಲ್ಯಾಗೆ ಯಾಕೆ ಕುಂತಿದೀಯ? ಈಚೆ ಬಾ, ಇಲ್ಲಿ ಕುಂತ್ಕ. ಬೆಳಗ್ಗಿಂದ ನೀನೇನೂ ತಿಂದಿಲ್ಲ, ನಾನು ನೋಡ್ದೆ. ಇದು ಮುಗೀತಿದ್ದಂಗೇ ಉಣ್ಬೇಕು ನೀನು, ತಿಳೀತಾ? … ನಾಗೂ, ಸಾಕೇನೇ?"

ಅಷ್ಟೇ. ಎಂಟು ದಿನ ಕೂಡಿಟ್ಟಿದ್ದರಲ್ಲಿ ಅವನು ಖರ್ಚು ಮಾಡಿದ ಮೊದಲ ಮಾತುಗಳು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು, ಇನ್ನೊಂದ್ಸಲ ಎಂದಳು. ಹಾಕಿದೆ. ಅಪ್ಪ ಈ ಸಲ ಅಲೆಯನ್ನು ನೋಡುತ್ತಿದ್ದ. ದುಂ‍ಡನೆಯ ತಲೆಗಳು, ಮೇಲೂ ಕೆಳಗೂ ಬೇಕಾದಷ್ಟು ಜಾಗ. ಸ್ಲೇಟಿನ ಮೇಲೆ ಅವನು ಬರೆದದ್ದು ಕಸುಬಿನವನ ಮಾತು: ಇದರಲ್ಲಿ ಲೆವೆಲ್ ಸರಿ ಇದೆ.

ಆಮೇಲೆ ಅವನು ಎದ್ದು ಕೆಂಪು ದೀಪದ ಸ್ವಿಚ್ಚು ಹಾಕಿದ. ಅಭ್ಯಾಸಬಲದಿಂದ ನಾವಿಬ್ಬರೂ ಉಸಿರು ಹಿಡಿದೆವು. ಅವನು ಅವ್ವನ ಮುಂಗೈ ಹಿಡಿದು ಕರೆತಂದು ಮೈಕಿನ ಮುಂದೆ ನಿಲ್ಲಿಸಿದ, ಮೈಕನ್ನು ಅವಳ ಎತ್ತರಕ್ಕೆ ಇಳಿಸಿದ. ಅವಳು ದೀಪವನ್ನು ನೋಡಿದಳು, ನನ್ನನ್ನು ನೋಡಿದಳು, ಬಾಯಿ ತೆರೆಯಲಿಲ್ಲ. ಅವನು ಅವಳ ಬಾಯಿಯ ಮುಂದೆ ಬೆರಳುಗಳನ್ನು ಅರಳಿಸಿ ತೋರಿಸಿದ: ಮಾತಾಡು.

"ಅಯ್ಯೋ ದೇವುಡಾ, ನಾನಾ? ಏನ್ ಮಾತಾಡ್ಲಿ?"

ಮೂರು ಮಗ್ಗ ದಾಟುವ ದನಿ. ಪಟ್ಟಿ ಒಮ್ಮೆಗೇ ಕೆಂಪಿಗೆ ಹಾರಿತು. ನಾನು ಅಪ್ಪನ ಕೈ ನೋಡಿದೆ. ಇಷ್ಟು ವರ್ಷ ಮೇಲಕ್ಕೆ ಮಾತ್ರ ಆಡಿದ್ದ ಆ ಎಡಗೈ ಮಗುಚಿಕೊಂಡು, ಅಂಗೈ ನೆಲದ ಕಡೆಯಾಗಿ, ಮಗುವಿನ ಬೆನ್ನು ತಟ್ಟುವಂತೆ ಗಾಳಿಯನ್ನು ಮೆಲ್ಲಗೆ ಒತ್ತಿತು. ಗುಂಡಿ ಇಳಿಸಿದೆ. ಕೈ ಮತ್ತೆ ಒತ್ತಿತು. ಇನ್ನೂ ತುಸು ಇಳಿಸಿದೆ. ಅವ್ವ ಮೊಳಕಾಲ್ಮುರಿನ ಹಿತ್ತಲಿಗೆ ಕೇಳುವಂತೆ, ಈ ಮನುಷ್ಯ ಇನ್ನೂ ಉಂಡಿಲ್ಲ ಎಂದು ಊರಿಗೆಲ್ಲ ದೂರು ಹೇಳುತ್ತಿದ್ದಳು. ಪರದೆಯ ಮೇಲೆ ಹೂವಿನ ತಲೆ ಹಾಳೆಯೊಳಗೆ ಬಂತು.